ಎಂಟು ಲಕ್ಷ ಕುರಿ

ಮಟೌರ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ.
ಅಡುಗೆಮನೆಯ ಮೇಜಿನ ಮೇಲೆ ನನ್ನ ನಾಲ್ಕು ಡಬ್ಬಿ,
ಟೀಪೇನೆಯ ಜೇಬಿನಿಂದ ಇನ್ನೆರಡು.
ಇಬ್ಬರೂ ಕೂತಿಲ್ಲ. ಕೂತರೆ ಏಳಿಸುವವರು ಯಾರು?
ಗೋಡೆಗೆ ಒರಗಿ ನಿಂತೇ ಚಹಾ ಕುಡಿಯುತ್ತೇವೆ
ಕುದುರೆಗಳ ಹಾಗೆ.

ದಿನಕ್ಕೆ ಇನ್ನೂರೈವತ್ತು. ಇಪ್ಪತ್ತೇಳು ವರುಷ.
ಐಲ್ಸಾ ಒಮ್ಮೆ ಲೆಕ್ಕ ಹಾಕಿದಳು, ಎಂಟು ಲಕ್ಷ ದಾಟಿತು.
ಅಷ್ಟನ್ನೂ ಬಾಗಿಯೇ ಬೋಳಿಸಿದ್ದು,
ಮೊಣಕಾಲ ನಡುವೆ ಅವುಚಿ, ಹೊಟ್ಟೆಯಿಂದ ಶುರುಮಾಡಿ,
ಆಮೇಲೆ ಬಾಲದಿಂದ ತಲೆಯತನಕ ಬೆನ್ನಿನುದ್ದ ನೀಳ ಎಳೆತ.
ಉಣ್ಣೆ ಕಳಚಿದ ಕುರಿ ಚಂಗನೆ ನೆಗೆದು ಹೋಗುತ್ತಿತ್ತು.
ಅದರ ಭಾರ ಎಲ್ಲಿ ಉಳಿಯಿತೆಂದು
ಆಗ ಯಾರೂ ಕೇಳಲಿಲ್ಲ.

ಗೋರ್ ಪೇಟೆಯ ಡಾಕ್ಟರು ಚಿಕ್ಕ ಹುಡುಗಿ.
ಹತ್ತರಲ್ಲಿ ಎಷ್ಟು ನೋವು, ಎನ್ನುತ್ತಾಳೆ.
ಟೀಪೇನೆ ನನಗೆ ಮೊದಲೇ ಹೇಳಿಕೊಟ್ಟಿದ್ದ:
ಬಡಕಲು ಹೆಣ್ಣುಕುರಿಗೆ ನಾಲ್ಕು, ಮಳೆಯಲ್ಲಿ ನೆಂದದ್ದಕ್ಕೆ ಆರು,
ಸಂಜೆಯ ಕೊನೇ ಪಾಳಿಯಲ್ಲಿ ಮುದಿ ಟಗರು ಬಂದರೆ ಒಂಬತ್ತು.
"ಇವತ್ತು ಟಗರು" ಅಂದೆ.
ಪಾಪ, ಹಾಗೇ ಬರೆದುಕೊಂಡಳು.

ಮೊದಲು ಬಂದದ್ದು ನ್ಯಾಪ್ರೋಕ್ಸೆನ್.
ದುಡಿಮೆಗಾರ, ಆದರೆ ಉಂಡ ಮನೆಯ ಜಂತೆ ಎಣಿಸುವ ಜಾತಿ;
ಆರು ವಾರಕ್ಕೆ ಮಲ ಟಾರಿನ ಹಾಗೆ ಕಪ್ಪಾಯಿತು.
ಕೋಡೀನು ನೋವನ್ನು ಪಕ್ಕದ ಕೋಣೆಗೆ ನೂಕಿ ಬಾಗಿಲು ಹಾಕಿತು.
ಹಿತ್ತಿಲ ಬಾಗಿಲನ್ನೂ ಹಾಕಿತು. ಐದು ದಿನ.
ಟ್ರಮಡಾಲ್ ದೇವರಂಥದು, ಎನ್ನುತ್ತಾನೆ ಟೀಪೇನೆ.
ಅವನ ದೇವರು ನನಗೆ ಒಲಿಯಲಿಲ್ಲ.
ಬೆವರು, ವಾಕರಿಕೆ, ನಿದ್ದೆಯಿಲ್ಲ.
ನಿದ್ದೆ ಬಾರದವರು ಕುರಿ ಎಣಿಸುತ್ತಾರಂತಲ್ಲ,
ನಾನೂ ಎಣಿಸಿದೆ.
ಒಂದೊಂದೂ ಬೇಲಿ ಹಾರಿ ಬಂದು, ಮೈತುಂಬ ಉಣ್ಣೆ ಹೊತ್ತು,
ನನ್ನ ಮುಂದೆ ಸಾಲಾಗಿ ನಿಂತಿತು.

ಗ್ಯಾಬಪೆಂಟಿನ್ ಕಾಲೊಳಗಿನ ಕರೆಂಟು ತೆಗೆದದ್ದು ನಿಜ.
ಜೊತೆಗೆ ಮಾತನ್ನೂ ತೆಗೆಯಿತು.
ಇಪ್ಪತ್ತೇಳು ವರುಷ ಕೈಯಲ್ಲಿ ಗುಂಯ್‌ಗುಟ್ಟಿದ ಯಂತ್ರ,
ಅದರ ತುದಿಗೆ ಹಲ್ಲುಹಲ್ಲಾಗಿ ಇರುತ್ತದಲ್ಲ, ಏನದು?
ಟೀಪೇನೆಯ ಮುಖ ನೋಡಿದೆ.
ಆ ತಿಂಗಳು ಅವನೂ ಅದನ್ನೇ ನುಂಗುತ್ತಿದ್ದ.
ನಗು ಬಂತು; ನಕ್ಕರೆ ಸೊಂಟ ಹಿಡಿಯುತ್ತದೆ,
ಹಿಡಿದುಕೊಂಡೇ ನಕ್ಕೆವು.

"ನಿನ್ನದೊಂದು ಕೊಡು, ನನ್ನದೊಂದು ತಗೋ."
ಮಾತು ಇಲ್ಲಿಗೆ ಬಂದಾಗಲೆಲ್ಲ
ಲಾಕ್ಲನ್ ಬಂದು ನಮ್ಮ ನಡುವೆ ನಿಲ್ಲುತ್ತಾನೆ.
ಅವನಿಗೆ ಮಾತ್ರೆ ಸಾಲದೆ ಪಟ್ಟಿ ಬರೆದುಕೊಟ್ಟಿದ್ದರು,
ಹೆಗಲಿಗೆ ಅಂಟಿಸುವಂಥದು.
ಬಿಸಿನೀರು ತಾಕಿಸಬೇಡಿ ಎಂದು ಚೀಟಿಯಲ್ಲಿತ್ತು.
ಜುಲೈ ತಿಂಗಳ ಚಳಿ. ಬೆನ್ನು ಕಾಯಲಿ ಎಂದು ಟಬ್ಬಿಗಿಳಿದ.
ನೀರು ಆರಿದ ಮೇಲೂ ಏಳಲಿಲ್ಲ.
ಡಬ್ಬಿಗಳನ್ನು ಅವರವರ ಕಡೆಗೆ ಸರಿಸಿಕೊಳ್ಳುತ್ತೇವೆ.

ಐಲ್ಸಾಳ ಹತ್ತಿರ ಒಂದು ನೋಟುಬುಕ್ಕಿದೆ.
ಡಾಕ್ಟರು ಹೇಳಿದಂತೆ ಗೆರೆ ಎಳೆದಿದ್ದಾಳೆ:
ಮಾತ್ರೆ, ಹೊತ್ತು, ನಿದ್ದೆ, ಹೊಟ್ಟೆ, ನಡೆದ ದೂರ.
ಕೊನೆಯ ಕಲಮು ಅವಳೇ ಸೇರಿಸಿದ್ದು, ತಲೆಬರಹವಿಲ್ಲ.
ಒಮ್ಮೆ ಕದ್ದು ಓದಿದೆ.
"ಒಳ್ಳೆಯವನಾಗಿದ್ದಾನೆ. ಮನೆಯಲ್ಲಿಲ್ಲ."
"ನನ್ನ ತಂಗಿಯ ಹೆಸರಿನಿಂದ ಕರೆದ."
"ಟೀವಿ ಆರಿಸಿದರೂ ನೋಡುತ್ತಲೇ ಇದ್ದ."
ಒಂದು ಶುಕ್ರವಾರ ಮಾತ್ರೆಯ ಜಾಗ ಖಾಲಿ:
"ಬೂಟಿನ ದಾರ ಕಟ್ಟಲಾಗದೆ ಬೂಟನ್ನೇ ಬೈದ.
ಇವನೇ."

ಮಂಜು ಎದ್ದಿತು. ಟೀಪೇನೆ ಹೊರಟ.
ಹೋಗುವಾಗ ನಾವು ಬೆನ್ನು ತಟ್ಟುವುದಿಲ್ಲ, ದೇವರಾಣೆ.
ಅವನ ಮಂದಿಯ ಪದ್ಧತಿಯಂತೆ ಹಣೆಗೆ ಹಣೆ, ಮೂಗಿಗೆ ಮೂಗು.
ಅವನು ಗಿಡ್ಡ, ನಾನು ಉದ್ದ.
ನಾನು ಬಾಗಬೇಕಾದೀತೆಂದು
ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿ,
ಕಂಬಿ ಹಿಡಿದು, ಹಲ್ಲು ಕಚ್ಚಿ,
ನನ್ನ ಮುಖದ ಮಟ್ಟಕ್ಕೆ ಬಂದು ನಿಂತ.