ಪುಗ್ಗಾ

ಮೊದಲ ಆರು ತಿಂಗಳು ಕತ್ತರಿ ಮುಟ್ಟಗೊಡಲಿಲ್ಲ ಮಲಕಾರಿ ಕಾಕಾ.
ಪುಗ್ಗಾಕ್ಕೆ ಸಬಕಾರ ಬಳಿದು ಕೊಟ್ಟ:
‘ಹೆರಿ. ಒಡೀಬಾರ್ದು.’
ಹನ್ನೊಂದು ಒಡೆದವು.
ಪ್ರತಿ ಸಲ ಜತ್ತ ಸ್ಟ್ಯಾಂಡಿನ ನಾಯಿ ಎದ್ದು ಕೂತವು,
ಗಿರಾಕಿಗಳು ಗಲ್ಲ ಮುಟ್ಟಿಕೊಂಡರು.

ಈಗ ನನ್ನದೇ ಅಂಗಡಿ. ಎಸಿ, ತಿರುಗೋ ಕುರ್ಚಿ,
ಹೊರಗೆ ಮರಾಠಿ ಬೋರ್ಡು.
ಹುಡುಗರು ಫೋನು ಚಾಚುತ್ತಾರೆ: ‘ಅಣ್ಣಾ, ಹಿಂಗ.’
ಫೋಟೋದವನ ಸುಳಿ ಬಲಕ್ಕೆ, ಇವನದು ಎಡಕ್ಕೆ.
ಹೇಳುವುದಿಲ್ಲ.
ಬಾಚಿ, ನಡುವೆಲ್ಲೋ ರಾಜಿ ಮಾಡಿಸುತ್ತೇನೆ.

ಮೊನ್ನೆ ಕಾಕಾ ಬಂದು ಕುರ್ಚಿ ಹತ್ತಿದ.
ನೆತ್ತಿಯಲ್ಲಿ ಎರಡು ಸುಳಿ!
ಎರಡು ಸುಳಿಗೆ ಎರಡು ಲಗ್ನ ಅಂತಾರೆ,
ಇವನಿಗೆ ಒಂದೂ ಆಗಿಲ್ಲ.
ಕೇಳಲೆಂದು ಬಾಯಿ ತೆರೆದೆ.
ಗಲ್ಲದ ತುಂಬ ನೊರೆ, ಕಣ್ಣು ಮುಚ್ಚಿದ್ದ,
ತುಟಿ ಅಲುಗದಂತೆ ಅಂದ:
‘ಒಡೀಬಾರ್ದು.’