ಎಡಗೈಗೆ ಗೊತ್ತು

ಗುರುವಾರ ನಾಲ್ಕಕ್ಕೆ ಚರ್ಚಿನ ಹಿಂಬಾಗಿಲು ತೆರೆಯುವುದು ನನ್ನ ಕೆಲಸ.
ಮುಂಬಾಗಿಲು ಭಾನುವಾರದವರಿಗೆ.
ಗ್ರಿಮ್ಸ್‌ಬಿಯ ಕಡಲಗಾಳಿ ನನಗಿಂತ ಮೊದಲೇ ಒಳನುಗ್ಗಿ
ಮಡಚು ಮೇಜುಗಳನ್ನೆಲ್ಲ ಮುಟ್ಟಿ ನೋಡುತ್ತದೆ.
ರೇಡಿಯೇಟರು ಮೊದಲು ಕೆಮ್ಮುತ್ತದೆ, ಆಮೇಲೆ ಬಿಸಿಯಾಗುತ್ತದೆ,
ನನ್ನ ಹಾಗೆಯೇ.

ಹನ್ನೆರಡು ಮಕ್ಕಳು, ಇಪ್ಪತ್ನಾಲ್ಕು ಟೋಸ್ಟು.
ಬೆಣ್ಣೆಯಲ್ಲಿ ಕೈ ಬಿಗಿಹಿಡಿದವರಿಗೆ ಸ್ವರ್ಗವಿಲ್ಲ.
ಇದು ಪಾದ್ರಿ ಹೇಳಿದ್ದಲ್ಲ, ನಾನು ಸೇರಿಸಿದ್ದು.

ಶೆಲ್ಬಿಗೆ ಹತ್ತು ವರ್ಷ.
ಕರೆಂಟಿನ ಮೀಟರಿಗೆ ದುಡ್ಡು ತುಂಬಿಸುವ ನೀಲಿ ಕೀಲಿ
ಶೂ ಲೇಸಿಗೆ ಪೋಣಿಸಿ ಕೊರಳಲ್ಲಿ.
ಅಮ್ಮನ ಕೈಗೆ ಕೊಟ್ಟರೆ ಕಳೆದುಹೋಗುತ್ತದಂತೆ.
ಒಳಗೆಷ್ಟು ಸೆಕೆಯಾದರೂ ಕೋಟು ಬಿಚ್ಚಳು.
"ಚಳಿಯಾ?" ಅಂದರೆ "ಇಲ್ಲ."
"ಮತ್ತೆ?" ಅಂದರೆ
ಇನ್ನೊಂದು ಟೋಸ್ಟಿಗೆ ಕೈ.

"ಮಿಸೆಸ್ ಡೌಸ್, ಮೂರರಲ್ಲೊಂದು ದೊಡ್ಡದಾ, ನಾಲ್ಕರಲ್ಲೊಂದಾ?"
ಮೂವತ್ತೊಂದು ವರ್ಷ ಹ್ಯಾಡಕ್ ಮೀನು ಸೀಳಿದ ಕೈ ನನ್ನದು,
ಮುಳ್ಳು ಎಲ್ಲಿದೆಯೆಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು;
ಭಿನ್ನರಾಶಿ ಮಾತ್ರ ಯಾವ ಬೆರಳಿಗೂ ಹತ್ತಲಿಲ್ಲ.
"ನಾಲ್ಕೇ ದೊಡ್ಡದಲ್ಲವೇನೇ" ಅಂದೆ.
ಬೇಕೆಂದೇ ತಪ್ಪು ಹೇಳಿದೆನೋ, ನಿಜಕ್ಕೂ ಗೊತ್ತಿರಲಿಲ್ಲವೋ,
ಈಗ ನೆನಪಿಲ್ಲ.
ಹುಬ್ಬು ಹಾರಿಸಿ ನಕ್ಕಳು, ಟೀಚರಮ್ಮನ ಹಾಗೆ.
ಟೋಸ್ಟು ಕುಯ್ದು ತೋರಿಸಿದಳು:
"ನಾವು ಮೂವರಿದ್ದಾಗ ಇಷ್ಟು ಸಿಗ್ತಿತ್ತು.
ಪಾಪು ಹುಟ್ಟಿದ ಮೇಲೆ ಇಷ್ಟು."

ಗೋಡೆಯ ಮೇಲೆ ಯಾರೋ ಕಸೂತಿ ಹಾಕಿದ ಚೌಕಟ್ಟು:
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ.
ಒಂದು ಗುರುವಾರ ಅದನ್ನೇ ದಿಟ್ಟಿಸಿ
ಶಾಯಿ ಮೆತ್ತಿದ ಎಡಗೈ ಎತ್ತಿ
"ನಾನು ಬರೆಯೋದೇ ಇದರಲ್ಲಿ. ನನಗೆಲ್ಲಾ ತಿಳಿಯುತ್ತೆ" ಅಂದಳು.
ಕಾಲರು ಮಗುಚಿದಳು.
ಕೆಂಪು ದಾರದಲ್ಲಿ ಹೊಲಿದ ಹೆಸರು: ಇಮೋಜೆನ್ ಪಿ.
"ನನ್ನ ಕ್ಲಾಸೇ. ಮುಂದಿನ ಬೆಂಚು."

ದಾನದ ಕೋಟುಗಳನ್ನು ವಿಂಗಡಿಸಿದವಳು ನಾನು.
ಗುಂಡಿ ಎಣಿಸಿದ್ದೆ, ಜಿಪ್ಪು ಎಳೆದು ನೋಡಿದ್ದೆ,
ಜೇಬಿನಲ್ಲೊಂದು ಚಾಕಲೇಟೂ ಇಟ್ಟಿದ್ದೆ.
ಕಾಲರು ಮಗುಚಿರಲಿಲ್ಲ.

ಕ್ಷಮೆ ಕೇಳಲು ಬಾಯಿ ಬರಲಿಲ್ಲ.
ಸಣ್ಣ ಕತ್ತರಿ ತಂದು, ಕನ್ನಡಕ ಏರಿಸಿ,
ಮಾಂಸ ಹರಿಯದ ಹಾಗೆ ಮುಳ್ಳು ಬಿಡಿಸುವಂತೆ
ಒಂದೊಂದೇ ಹೊಲಿಗೆ ಬಿಚ್ಚಿದೆ.
ಉಳಿದ ಮಕ್ಕಳಿಗೆ ಕಾಣದ ಹಾಗೆ ಅವಳು ಅಡ್ಡ ನಿಂತಳು.
ಹೆಸರು ಹೋಯಿತು. ಸೂಜಿಯ ತೂತುಗಳು ಉಳಿದವು.
ಹತ್ತಿರದಿಂದ ನೋಡಿದರೆ ಈಗಲೂ ಓದಬಹುದು.
"ಪರವಾಗಿಲ್ಲ" ಅಂದಳು,
"ಅಷ್ಟು ಹತ್ತಿರ ಯಾರೂ ಬರಲ್ಲ."

ನವೆಂಬರಿನಲ್ಲಿ ಲಿಂಕನ್ನಿನ ಕಚೇರಿಯಿಂದ ಕ್ಯಾಮೆರಾ ಹುಡುಗ ಬಂದ.
ಕ್ರಿಸ್‌ಮಸ್ ಮನವಿಪತ್ರಕ್ಕೆ ಒಂದು ಮುಖ ಬೇಕಿತ್ತು.
"ನಗಬೇಡ ಮರೀ, ಸ್ವಲ್ಪ ಕೆಳಗೆ ನೋಡು."
ಬೆಣ್ಣೆ ಚಾಕು ಹಿಡಿದು ನಾನು ನಡುವೆ ನಿಂತೆ.
ಅಚ್ಚಾಗಿ ಬಂದದ್ದು ನನ್ನವೇ ಎರಡು ಕೈ,
ತುದಿಯಿಲ್ಲದ ಎಡ ಹೆಬ್ಬೆರಳು, ಕೆಳಗೆ ದಪ್ಪಕ್ಷರ:
ಇವರಿಗೆ ನಿಮ್ಮ ನೆರವು ಬೇಕು.
ಚಹಾ ಮೂಗಿಗೇರುವಷ್ಟು ನಕ್ಕ ಶೆಲ್ಬಿ
"ಅಯ್ಯೋ ಪಾಪ" ಅಂತ
ತನ್ನ ಅರ್ಧ ಟೋಸ್ಟು ನನ್ನ ತಟ್ಟೆಗೆ ಹಾಕಿದಳು.
ತಿಂದೆ. ಬೇಡವೆನ್ನಲು ನಾನ್ಯಾರು?

ಫೆಬ್ರವರಿಯಲ್ಲಿ ಅವರಿಗೆ ಸ್ಕನ್‌ಥಾರ್ಪ್‌ನಲ್ಲಿ ಮನೆ ಸಿಕ್ಕಿತಂತೆ.
ಹೇಳಿ ಹೋಗಲಿಲ್ಲ.
ಹೇಳುವುದಕ್ಕೆ ನಡುವೆ ಗುರುವಾರ ಇರಲಿಲ್ಲ.

ಈಗ ಆ ಕುರ್ಚಿಯಲ್ಲಿ ಔರಿಮಾಸ್. ಎಂಟು ವರ್ಷ, ಮಾತು ಕಡಿಮೆ.
ಪುಸ್ತಕ ನನ್ನತ್ತ ತಿರುಗಿಸಿ ಬೆರಳಿಡುತ್ತಾನೆ:
ಮೂರರಲ್ಲೊಂದಾ, ನಾಲ್ಕರಲ್ಲೊಂದಾ?
ಅವನ ಕೋಟು, ಕಾಲರು ಮಗುಚಿ ನೋಡಿಯೇ ಕೊಟ್ಟದ್ದು.
ಉತ್ತರವೂ ಗೊತ್ತು.
"ನಾಲ್ಕು" ಅನ್ನುತ್ತೇನೆ,
ಟೋಸ್ಟನ್ನು ಅವನ ಕಡೆಗೆ ಸರಿಸಿ.