ಗಂಟೆ ಕಟ್ಟಿದ ಟಗರು

ಡಬ್ಬೊ ಊರಿನ ಕಸಾಯಿಖಾನೆ, ಬೆಳಗಿನ ನಾಲ್ಕೂವರೆ.
ತಗಡಿನ ಗೋಡೆಗೊರಗಿ ಸಿಗರೇಟು ಸುತ್ತುತ್ತ
ಮರ್ವಿನ್ ಹೇಳಿದ ಕಥೆ:
ಒಂದಿತ್ತು ಟಗರು, ಕೊರಳಿಗೆ ಹಿತ್ತಾಳೆ ಗಂಟೆ.
ಬೆದರಿದ ಮಂದೆಗೆ ದಾರಿ ತೋರುತ್ತ
ಕಟಕಟೆಯ ಓಣಿಯಲ್ಲಿ ಅದೇ ಮುಂದೆ.
ಕೊನೆಯ ತಿರುವಿನಲ್ಲಿ ಅದಕ್ಕೊಂದಕ್ಕೇ ಸಣ್ಣ ಬಾಗಿಲು,
ಆಚೆ ಒಂದು ಬೊಗಸೆ ಓಟ್ಸ್.

ನಕ್ಕೆ.
ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ
ಅನ್ನುತ್ತಿದ್ದಳು ಅಜ್ಜಿ; ಮುಂದಿನ ಕುರಿಗೆಷ್ಟು
ಅಂತ ಹೇಳಿರಲಿಲ್ಲ.
ನನಗೆ ಗೊತ್ತು:
ಗಂಟೆಗೆ ಎರಡು ಡಾಲರ್ ಎಂಬತ್ತು ಸೆಂಟು.

ವನುವಾಟುವಿನಿಂದ ಬಂದ ಹುಡುಗರಿಗೆ
ರೂಮಿನ ಬಾಡಿಗೆ, ವ್ಯಾನಿನ ಬಾಡಿಗೆ, ಚಾಕುವಿನ ಬಾಡಿಗೆ
ಸಂಬಳದಲ್ಲೇ ಕಡಿತ ಎಂದು
ನಗುನಗುತ್ತ ತಿಳಿಸುವವನು ನಾನೇ.
ಸಹಿ ಹಾಕುವಾಗ ಕಾಲ್ಸಕಾವ್ ಕಾಗದ ನೋಡಲಿಲ್ಲ,
ನನ್ನ ಮುಖ ನೋಡಿದ.
ನನ್ನ ಬಣ್ಣವೂ ಅವನದಕ್ಕೆ ಹತ್ತಿರ.

"ಟಗರಿಗೆ ವಯಸ್ಸಾದರೆ?" ಕೇಳಿದೆ.
ಮರ್ವಿನ್ ಬೂಟಿನಡಿ ಕಿಡಿ ಹೊಸಕಿ
ಒಳಗೆ ಹೋದ.

ಮರುದಿನ ಸೊಂಟದ ಬೀಗದಕೈ ಗೊಂಚಲನ್ನು
ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದೆ.
ಸದ್ದಿಲ್ಲದೆ ನಡೆದೆ.
ತಿರುಗಿ ನೋಡಿದರೆ
ಹನ್ನೊಂದು ಜನ, ಸಾಲಾಗಿ, ಹಿಂದೆಯೇ.